ಊಟ-ವಸತಿ ಸಹಿತ ಸಂಬಳ: ಡೊಂಬಿವಲಿ–ಕಲ್ಯಾಣದ ಹೋಟೆಲ್ ಕಾರ್ಮಿಕರ ಬಾಡಿಗೆಯ ಲೆಕ್ಕ

ಮುಂಬಯಿಯ ಉಡುಪಿ ಹೋಟೆಲುಗಳ ಚರಿತ್ರೆಯನ್ನು ಹೆಚ್ಚಾಗಿ ಗಲ್ಲೆಯ ಕಡೆಯಿಂದಲೇ ಬರೆಯಲಾಗಿದೆ. ತಟ್ಟೆ ಎತ್ತುತ್ತ ಶುರುಮಾಡಿ ಮಾಲೀಕನಾದವನ ಕಥೆ ನಮಗೆಲ್ಲ ಬಾಯಿಪಾಠ. ಸಪ್ಲಾಯರನಾಗಿಯೇ ಉಳಿದವನ ಸಂಬಳದ ಲೆಕ್ಕ ಮಾತ್ರ ಅಪರೂಪ. ಆ ಲೆಕ್ಕದ ಒಂದೇ ಬಾಬತ್ತನ್ನು, ಅಂದರೆ ಮನೆಬಾಡಿಗೆಯನ್ನು, ಠಾಣೆ ಜಿಲ್ಲೆಯ ಹಿನ್ನೆಲೆಯಲ್ಲಿ ಇಲ್ಲಿ ನೋಡಲಾಗಿದೆ.

ಉಡುಪಿ, ಕುಂದಾಪುರ ಕಡೆಯ ಹುಡುಗರು ಹೋಟೆಲು ಸೇರುತ್ತಿದ್ದುದು ಊಟ-ವಸತಿಯ ಮಾತಿನ ಮೇಲೆ. ವಸತಿಯೆಂದರೆ, ರಾತ್ರಿ ಶಟರ್ ಎಳೆದು ನೆಲ ತೊಳೆದಾದ ಮೇಲೆ ಮೇಜುಗಳನ್ನು ಜೋಡಿಸಿ ಹಾಸಿಕೊಂಡ ಚಾಪೆ. ಟ್ರಂಕು ಅಟ್ಟದ ಮೇಲೆ, ಅಕ್ಕಿಮೂಟೆಗಳ ಪಕ್ಕ. ಬೆಳಗ್ಗೆ ಹಾಲು ಬರುವ ಮುನ್ನ ಆ ವಸತಿ ಮತ್ತೆ ಹೋಟೆಲಾಗಬೇಕು. ಕೈಗೆ ಬಂದ ನಗದು ಮನಿಆರ್ಡರಾಗಿ ಊರಿಗೆ ಹೋಗುತ್ತಿತ್ತು. ಹೆಂಡತಿ-ಮಕ್ಕಳ ಅಕ್ಕಿ ಗದ್ದೆಯಿಂದ, ಮಗುವಿನ ಆರೈಕೆ ಅಜ್ಜಿಯಿಂದ. ಮುಂಬಯಿಯ ಇಡ್ಲಿ ಅಗ್ಗವಾಗಿದ್ದುದರಲ್ಲಿ ಕರಾವಳಿಯ ಗದ್ದೆಯ ಪಾಲೂ ಇತ್ತೆಂಬುದು ನನ್ನ ವಾದ.

ಸಂಸಾರ ಡೊಂಬಿವಲಿಗೋ ಕಲ್ಯಾಣಕ್ಕೋ ಬಂದೊಡನೆ ಈ ಏರ್ಪಾಡು ಕುಸಿಯಿತು. 11 ತಿಂಗಳ ಕರಾರು, ಡಿಪಾಸಿಟ್ಟು, ದಲ್ಲಾಳಿಯ ಕಮಿಷನ್ನು, ಲೋಕಲ್ ರೈಲಿನ ಪಾಸು. ಹೋಟೆಲಿನ ಊಟದಿಂದ ತುಂಬುವುದು ಒಬ್ಬನ ಹೊಟ್ಟೆ. ಕೊನೆಯ ಲೋಕಲ್ ತಪ್ಪಿದರೆ ಅವನಿಗೆ ಮತ್ತೆ ಮೇಜೇ ಗತಿ.

ಕಾನೂನು ಇದನ್ನು ಕಾಣದೆ ಇರಲಿಲ್ಲ. 1948ರ ಕನಿಷ್ಠ ವೇತನ ಕಾಯಿದೆ ವಸತಿಯ ಬೆಲೆಯನ್ನು ವೇತನದಿಂದ ಹೊರಗಿಟ್ಟಿತು. ಸಂಬಳ ನಗದಾಗಿಯೇ ಸಲ್ಲಬೇಕು, ವಸ್ತುರೂಪಕ್ಕೆ ಸರಕಾರದ ಅಧಿಸೂಚನೆ ಬೇಕು ಎಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯೂ ವಸತಿಯನ್ನು ಹೊರಗೇ ಇಟ್ಟಿದೆ. ಆದರೆ ಸಂಬಳದ ಬದಲಿಗೆ ವಸ್ತುರೂಪದಲ್ಲಿ ಕೊಟ್ಟದ್ದನ್ನು ಒಟ್ಟು ವೇತನದ ಶೇ. 15ರವರೆಗೆ ವೇತನವೆಂದೇ ಎಣಿಸುತ್ತದೆ. ಊಟಕ್ಕೆ ಅಲ್ಲಿ ಬಾಗಿಲು ತೆರೆದಿದೆ.

ಕನಿಷ್ಠ ವೇತನದ ಸೂತ್ರದಲ್ಲಿಯೂ ಬಾಡಿಗೆಯೇ ಬಡವಾದ ಬಾಬತ್ತು. 1957ರ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನ ಪ್ರತಿ ವಯಸ್ಕನಿಗೆ 2,700 ಕ್ಯಾಲರಿ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ ಎಂದು ಅಳೆದು ಹೇಳಿತು. ಮನೆಗೆ ಬಂದಾಗ ಸರಕಾರಿ ಕೈಗಾರಿಕಾ ವಸತಿಯ ಬಾಡಿಗೆಯನ್ನು ಆಧಾರವಾಗಿಟ್ಟಿತು. ರೆಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ (1991) ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧಿ, ಮುಪ್ಪಿನ ಖರ್ಚಿಗೆಂದು ಶೇ. 25 ಸೇರಿಸಿತು. 2020ರಲ್ಲಿ ಕೇಂದ್ರ ಪ್ರಕಟಿಸಿದ ಕರಡು ನಿಯಮದ ಪ್ರಕಾರ ಬಾಡಿಗೆ ಆಹಾರ-ಬಟ್ಟೆ ಖರ್ಚಿನ ಶೇ. 10. ಊಟ-ಬಟ್ಟೆಗೆ 12,000 ರೂಪಾಯಿ ಹಿಡಿದರೆ ಬಾಡಿಗೆಗೆ 1,200. ಡೊಂಬಿವಲಿಯಲ್ಲಿ ಈ ದುಡ್ಡಿಗೆ ಖೋಲಿ ಕೊಡಿಸುವ ದಲ್ಲಾಳಿಯನ್ನು ಕರಡು ಬರೆದವರೇ ಹುಡುಕಿಕೊಡಬೇಕು.

ಬೇರೆ ದಾರಿ ಪಕ್ಕದಲ್ಲೇ ಇದೆ. ನವಿ ಮುಂಬಯಿಯ ವಾಶಿ ಮಾರುಕಟ್ಟೆಯ ಮಾಥಾಡಿ ಹಮಾಲರೂ ಬಹುಪಾಲು ವಲಸಿಗರೇ, ಅವರಿಗೂ ಒಬ್ಬನೇ ಧಣಿಯಿಲ್ಲ. ಅಣ್ಣಾಸಾಹೇಬ ಪಾಟೀಲರು ಕಟ್ಟಿದ ಸಂಘಟನೆಯ ಹೋರಾಟದಿಂದ 1969ರ ಮಾಥಾಡಿ ಕಾಯಿದೆ ಬಂತು. ವ್ಯಾಪಾರಿ ಕೂಲಿಯ ಜೊತೆ ಲೆವಿಯನ್ನೂ ತ್ರಿಪಕ್ಷೀಯ ಮಂಡಳಿಗೆ ಕಟ್ಟುತ್ತಾನೆ; ಭವಿಷ್ಯನಿಧಿ, ಗ್ರಾಚ್ಯುಯಿಟಿ ಅಲ್ಲಿಂದಲೇ. ಕೋಪರ್‌ಖೈರಣೆಯಲ್ಲಿ ಮಾಥಾಡಿಗಳಿಗೆಂದೇ ಕಟ್ಟಿದ ಮನೆಗಳಿವೆ.

ಹೋಟೆಲಿನವರಿಗೆ ಇದೇಕೆ ಒದಗಲಿಲ್ಲ? ಚಿಕ್ಕ ಘಟಕಗಳು, ಚದುರಿದ ಕೆಲಸಗಾರರು ಎಂಬುದು ರೂಢಿಯ ಉತ್ತರ, ಹಮಾಲರೂ ಚದುರಿದ್ದವರೇ. ನನಗೆ ಮುಖ್ಯವೆನಿಸುವುದು ನಂಟಸ್ತಿಕೆ. ಹೋಟೆಲಿಟ್ಟವನು ಸೋದರಮಾವನೋ ಊರಿನವನೋ ಆಗಿದ್ದು, ರಾತ್ರಿಶಾಲೆಗೆ ಕಳಿಸಿದವನೂ ಅವನೇ ಆಗಿರುವಾಗ ಲೇಬರ್ ಆಫೀಸಿಗೆ ಅರ್ಜಿ ಬರೆಯುವವರಾರು? ಈಗ ಮೇಜು ಒರೆಸುವವರು ಒಡಿಶಾ, ಬಿಹಾರ, ನೇಪಾಳದವರು. ಆ ದಾಕ್ಷಿಣ್ಯವಿಲ್ಲ, ಕಷ್ಟಕ್ಕೆ ಮಾವನೂ ಇಲ್ಲ. ಮಹಾರಾಷ್ಟ್ರದ 2017ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯ ಕೆಲಸದ ವೇಳೆ, ರಜೆ, ಇಮ್ಮಡಿ ಓವರ್‌ಟೈಮಿನ ನಿಯಮಗಳು 20ಕ್ಕಿಂತ ಕಡಿಮೆ ಜನರಿರುವ ಹೋಟೆಲಿಗೆ ತಾಗುವುದಿಲ್ಲ; ಅಂಥ ಮಾಲೀಕ ವ್ಯವಹಾರ ಆರಂಭಿಸಿದ ಸೂಚನೆ ಕೊಟ್ಟರೆ ಸಾಕು. ಹೋಟೆಲ್ ಮಂಡಳಿಯೊಂದನ್ನು ಕಟ್ಟುವುದಾದರೆ ಲೆವಿಯ ಮೊದಲ ಯಾದಿಯನ್ನು ಆ ಸೂಚನೆಗಳಿಂದಲೇ ತಯಾರಿಸಬಹುದು.