ಸಾರ್ಕ್ ಸಭೆ ನಡೆದ ಊರು, ಕೋಣನಕುಂಟೆಯ ಮನೆ

ಜಯನಗರ, ಬನಶಂಕರಿ, ಜೆ.ಪಿ. ನಗರ ದಾಟಿ ಮೆಟ್ರೊದಲ್ಲಿ ಇನ್ನೂ ದಕ್ಷಿಣಕ್ಕೆ ಹೋದರೆ ಕೋಣನಕುಂಟೆ ಕ್ರಾಸ್ ಸಿಗುತ್ತದೆ. ಈಗ ಅಲ್ಲಿ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟು. 1991ರಲ್ಲಿ ಕೋಣನಕುಂಟೆ ಬೆಂಗಳೂರಿನ ಅಂಚಿನ ಹಳ್ಳಿ. ಆ ವರ್ಷ ಆಗಸ್ಟ್ 20ರ ಬೆಳಗ್ಗೆ ಅಲ್ಲಿನ ಒಂದು ಬಾಡಿಗೆ ಮನೆಗೆ ಕಮಾಂಡೊಗಳು ನುಗ್ಗಿದಾಗ ಒಳಗೆ ಸಿಕ್ಕಿದ್ದು ಏಳು ಹೆಣ. ಶಿವರಾಸನ್, ಶುಭಾ ಮತ್ತು ಅವರ ಜೊತೆಗಿದ್ದ ಐವರು. ರಾಜೀವ್ ಗಾಂಧಿ ಹತ್ಯೆಗಾಗಿ ದೇಶವೇ ಹುಡುಕುತ್ತಿದ್ದ ಗುಂಪು ಅದು.

ಇದು ನಮ್ಮ ಹಿರಿಯರಿಗೆ ನೆನಪಿದೆ. ಅದಕ್ಕೆ ಐದು ವರ್ಷ ಮೊದಲು ಇದೇ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ನೆರೆ ದೇಶಗಳ ನಾಯಕರನ್ನೆಲ್ಲ ಕೂರಿಸಿಕೊಂಡು ಸಭೆ ನಡೆಸಿದ್ದು ಅಷ್ಟಾಗಿ ನೆನಪಿಲ್ಲ.

1986ರ ನವೆಂಬರ್ 16 ಮತ್ತು 17. ಸಾರ್ಕ್, ಅಂದರೆ ದಕ್ಷಿಣ ಏಷ್ಯಾ ದೇಶಗಳ ಸಹಕಾರ ಸಂಘಟನೆಯ ಎರಡನೇ ಶೃಂಗಸಭೆ. ಹಿಂದಿನ ವರ್ಷ ಢಾಕಾದಲ್ಲಿ ಹುಟ್ಟಿದ ಕೂಸು. ನೇಪಾಳ, ಭೂತಾನ್ ರಾಜರು, ಶ್ರೀಲಂಕಾದ ಜಯವರ್ಧನೆ, ಪಾಕಿಸ್ತಾನದ ಪ್ರಧಾನಿ ಜುನೇಜೊ, ಬಾಂಗ್ಲಾದ ಇರ್ಷಾದ್, ಮಾಲ್ಡೀವ್ಸ್‌ನ ಗಯೂಮ್ ಎಲ್ಲರೂ ಬಂದರು. ಆಗ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ. ಸಾರ್ಕ್‌ಗೆ ಕಠ್ಮಂಡುವಿನಲ್ಲಿ ಕಾಯಂ ಕಚೇರಿ ಇರಲಿ ಎಂಬ ಒಪ್ಪಂದಕ್ಕೆ ಸಹಿ ಬಿದ್ದದ್ದು ಬೆಂಗಳೂರಿನಲ್ಲೇ. ರೇಡಿಯೊ, ಟಿ.ವಿ. ಕಾರ್ಯಕ್ರಮಗಳ ವಿನಿಮಯ, ವಿದ್ಯಾರ್ಥಿವೇತನ, ಪ್ರವಾಸೋದ್ಯಮದಂಥ ವಿಷಯಗಳಿಗೂ ಒಪ್ಪಿಗೆ ಸಿಕ್ಕಿತು.

ಆದರೆ ಸಾರ್ಕ್ ಸನ್ನದಿನಲ್ಲಿ ಒಂದು ಷರತ್ತಿದೆ. ಎರಡು ದೇಶಗಳ ನಡುವಿನ ತಂಟೆ ತಕರಾರುಗಳನ್ನು ಸಭೆಯಲ್ಲಿ ಎತ್ತುವಂತಿಲ್ಲ. ಪ್ರತಿ ತೀರ್ಮಾನಕ್ಕೂ ಎಲ್ಲರ ಒಪ್ಪಿಗೆ ಬೇಕು. ಊರ ಪಂಚಾಯ್ತಿ ಸೇರಿಸಿ, ಬದುವಿನ ಜಗಳ ಮಾತ್ರ ಇಲ್ಲಿ ಆಡಬೇಡಿ ಎಂದ ಹಾಗೆ.

ಹಾಗಾಗಿ ಅಸಲಿ ಮಾತು ನಡೆದದ್ದು ಸಭೆಯ ಹೊರಗೆ. ಶ್ರೀಲಂಕಾದಲ್ಲಿ ತಮಿಳರ ಪ್ರಶ್ನೆ ಹೊತ್ತಿ ಉರಿಯುತ್ತಿತ್ತು. ಜಯವರ್ಧನೆ ಇಲ್ಲೇ ಇದ್ದಾರಲ್ಲ ಎಂದು, ಮದ್ರಾಸಿನಲ್ಲಿದ್ದ ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ವಿಮಾನದಲ್ಲಿ ಬೆಂಗಳೂರಿಗೆ ಕರೆತಂದರು. ತಮಿಳುನಾಡಿನ ಮುಖ್ಯಮಂತ್ರಿ ಎಂಜಿಆರ್ ಕೂಡ ಬಂದರು. ಪೂರ್ವ ಪ್ರಾಂತ್ಯವನ್ನು ಮೂರು ಪಾಲು ಮಾಡುವ ಸೂತ್ರವನ್ನು ಮುಂದಿಟ್ಟರು. ಉತ್ತರ, ಪೂರ್ವ ಎರಡೂ ಒಂದಾಗಬೇಕು ಎನ್ನುತ್ತಿದ್ದ ಪ್ರಭಾಕರನ್ ಒಪ್ಪಲಿಲ್ಲ.

ಮುಂದಿನದು ಗೊತ್ತೇ ಇದೆ. 1987ರ ಜುಲೈನಲ್ಲಿ ಕೊಲಂಬೊ ಒಪ್ಪಂದ. ಶಾಂತಿ ಪಾಲನೆಗೆಂದು ಹೋದ ನಮ್ಮ ಸೈನಿಕರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ವಾಪಸ್ ಬರಲಿಲ್ಲ. ಸಭೆಯಿಂದ ಹೊರಗಿಟ್ಟ ಜಗಳ ಕೊನೆಗೆ ಸಭೆಯನ್ನೇ ನಿಲ್ಲಿಸಿತು. 1989ರ ಶೃಂಗಸಭೆ ಶ್ರೀಲಂಕಾದಲ್ಲಿ ಆಗಬೇಕಿತ್ತು. ಭಾರತದ ಸೇನೆ ನಮ್ಮ ನೆಲದಲ್ಲಿರುವಾಗ ಸಭೆ ನಡೆಸುವುದಿಲ್ಲ ಎಂದಿತು ಆ ಸರ್ಕಾರ. 1990ರ ಕೊನೆಗೆ ಮಾಲೆಯಲ್ಲಿ ಸಭೆ ಸೇರಬೇಕಾಯಿತು. 1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ರಾಜೀವ್ ಹತ್ಯೆ. ಮೂರು ತಿಂಗಳಿಗೆ ಕೋಣನಕುಂಟೆ.

ಬೆಂಗಳೂರು ಸಭೆ ಗೆದ್ದಿದ್ದರೆ ಇದೆಲ್ಲ ತಪ್ಪುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಅಂದು ಸೋತದ್ದು ಸಾರ್ಕ್ ಅಲ್ಲ, ಪಕ್ಕದ ಕೋಣೆಯ ಮಾತು. ಆದರೂ ಸಾರ್ಕ್‌ನ ದೊಡ್ಡ ಉಪಯೋಗ ಆ ಪಕ್ಕದ ಕೋಣೆಯೇ ಎಂದು ನನಗನಿಸುತ್ತದೆ. ಬೇರೆ ಹೊತ್ತಿನಲ್ಲಿ ಮುಖ ನೋಡದವರು ಸಭೆಯ ನೆಪದಲ್ಲಿ ಒಂದೇ ಊರಿನಲ್ಲಿ ಎರಡು ದಿನ ಇರುತ್ತಾರೆ, ಮಾತಿಗೆ ಸಿಗುತ್ತಾರೆ.

ಜನಸಾಮಾನ್ಯರಿಗೆ ಸಾರ್ಕ್‌ನಿಂದ ಸಿಕ್ಕಿದ್ದು ಕಡಿಮೆಯೇ. ಬಿಟಿಎಂ ಲೇಔಟ್‌ನಲ್ಲಿ ದುಡಿಯುವ ನೇಪಾಳದ ಹುಡುಗರು ವೀಸಾ ಇಲ್ಲದೆ ಬಂದು ಹೋಗುವುದು 1950ರ ಭಾರತ-ನೇಪಾಳ ಒಪ್ಪಂದದಿಂದ. ಅದು ಸಾರ್ಕ್‌ಗಿಂತ ಎಷ್ಟೋ ಹಳೆಯದು.

ಈಗ ಪಕ್ಕದ ಕೋಣೆಯೂ ಇಲ್ಲ. ಕೊನೆಯ ಶೃಂಗಸಭೆ ನಡೆದದ್ದು 2014ರ ನವೆಂಬರ್‌ನಲ್ಲಿ, ಕಠ್ಮಂಡುವಿನಲ್ಲಿ. 2016ರಲ್ಲಿ ಇಸ್ಲಾಮಾಬಾದಿನಲ್ಲಿ ಆಗಬೇಕಿದ್ದ ಸಭೆ ಉರಿ ದಾಳಿಯ ಬಳಿಕ ರದ್ದಾಯಿತು. ಕೋವಿಡ್ ಬಂದಾಗ, 2020ರ ಮಾರ್ಚ್‌ನಲ್ಲಿ, ನಾಯಕರು ವಿಡಿಯೊ ಪರದೆಯಲ್ಲಿ ಒಮ್ಮೆ ಮಾತನಾಡಿದರು. 2025ರ ಏಪ್ರಿಲ್‌ನಲ್ಲಿ ಪಹಲ್ಗಾಮ್ ದಾಳಿಯ ಮರುದಿನ, ಪಾಕಿಸ್ತಾನದವರಿಗಿದ್ದ ಸಾರ್ಕ್ ವೀಸಾ ರಿಯಾಯಿತಿಯನ್ನೂ ಭಾರತ ರದ್ದು ಮಾಡಿತು. ಬೆಂಗಳೂರಿನಲ್ಲಿ ಸಹಿ ಬಿದ್ದ ಆ ಕಠ್ಮಂಡು ಕಚೇರಿ ಮಾತ್ರ ಇನ್ನೂ ಬಾಗಿಲು ಹಾಕಿಲ್ಲ.