ವೈಟ್‌ಫೀಲ್ಡ್ ಹೋಟೆಲ್‌ಗಳ ದಾರಿ: ರೈಲಿನಿಂದ ಮೆಟ್ರೊವರೆಗೆ

ಬೆಂಗಳೂರಿನ ಪೂರ್ವ ಅಂಚಿನ ವೈಟ್‌ಫೀಲ್ಡ್ ಇಂದು ಐಟಿ ಕಚೇರಿಗಳಿಗೂ ತಾರಾ ಹೋಟೆಲ್‌ಗಳಿಗೂ ಹೆಸರಾದ ಉಪನಗರ. ಈ ಊರು ಹುಟ್ಟಿದ್ದು 1882ರಲ್ಲಿ. ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರ್ ಆ ವರ್ಷ ಆಂಗ್ಲೋ ಇಂಡಿಯನ್ನರ ಸಂಘಕ್ಕೆ ಸುಮಾರು 3,900 ಎಕರೆ ಜಮೀನು ಕೊಟ್ಟರು. ಸಂಘದ ಮುಂದಾಳು ಡಿ. ಎಸ್. ವೈಟ್ ಅವರ ಹೆಸರೇ ಊರಿಗೆ ನಿಂತಿತು. ಬೆಂಗಳೂರು ದಂಡು ಪ್ರದೇಶವನ್ನು ಜೋಲಾರಪೇಟೆಗೆ ಸೇರಿಸುವ ರೈಲು ಹಳಿ 1864ರಲ್ಲೇ ಬಂದಿತ್ತು. ಹೊಸ ಊರಿಗೆ ಪಟ್ಟಣದೊಂದಿಗಿದ್ದ ಮುಖ್ಯ ಕೊಂಡಿ ಅದೇ. ಊರಿನ ನಡುವಿನ ಒಳವೃತ್ತದ ಬಳಿ ವೇವರ್ಲಿ ಇನ್ ಎಂಬ ತಂಗುಮನೆ ಇತ್ತು. ರೈಲು ನಿಲ್ದಾಣ ಊರಿನಿಂದ ಕೆಲವು ಕಿಲೋಮೀಟರ್ ದೂರದಲ್ಲಿದ್ದುದರಿಂದ ಇಳಿದವರು ಮುಂದಿನ ದಾರಿಯನ್ನು ಬೇರೆಯಾಗಿ ನೋಡಿಕೊಳ್ಳಬೇಕಿತ್ತು.

ಊರಿನ ಭವಿಷ್ಯ ಬದಲಿಸಿದ್ದು ವಿಮಾನ. ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಮೈಸೂರು ಸರ್ಕಾರದ ನೆರವಿನಿಂದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆರಂಭಿಸಿದರು. ಮುಂದೆ ಎಚ್‌ಎಎಲ್ ಆದ ಈ ಸಂಸ್ಥೆಯ ಓಡುದಾರಿಯೇ ದಶಕಗಳ ಕಾಲ ಬೆಂಗಳೂರಿನ ನಾಗರಿಕ ವಿಮಾನಗಳಿಗೂ ನೆಲೆಯಾಯಿತು. ಅದು ನಗರಕೇಂದ್ರಕ್ಕೂ ವೈಟ್‌ಫೀಲ್ಡ್‌ಗೂ ನಡುವೆ ಇತ್ತು. ಕರ್ನಾಟಕ ಸರ್ಕಾರ, ಟಾಟಾ ಸಮೂಹ ಮತ್ತು ಸಿಂಗಪುರದ ಕಂಪನಿಗಳು ಸೇರಿ 1994ರಲ್ಲಿ ಐಟಿಪಿಎಲ್ ಎಂದೇ ಜನ ಕರೆಯುವ ತಂತ್ರಜ್ಞಾನ ಪಾರ್ಕಿಗೆ ಕೈಹಾಕಿದಾಗ ಈ ಸಾಮೀಪ್ಯ ದೊಡ್ಡ ಅನುಕೂಲವಾಯಿತು. ವಿಮಾನ ಇಳಿದವರು ಟ್ಯಾಕ್ಸಿಯಲ್ಲಿ ಮಾರತಹಳ್ಳಿ, ಕುಂದಲಹಳ್ಳಿ ದಾಟಿದರೆ ಸಾಕಿತ್ತು. ಮೆಜೆಸ್ಟಿಕ್‌ನಿಂದ ಬರುವವರಿಗೆ 335ಇ ಬಸ್ ಇತ್ತು. ದೊಮ್ಮಲೂರು, ಎಚ್‌ಎಎಲ್, ಮಾರತಹಳ್ಳಿಗಳ ಮೂಲಕ ಐಟಿಪಿಎಲ್ ಮತ್ತು ಕಾಡುಗೋಡಿ ಕಡೆಗೆ ಹೋಗುವ ಆ ಮಾರ್ಗ ವೈಟ್‌ಫೀಲ್ಡ್ ನೌಕರರ ಬಾಯಲ್ಲಿ ನೆಲೆನಿಂತಿದೆ. ದೊಡ್ಡ ಹೋಟೆಲ್‌ಗಳೂ ವಿಮಾನ ನಿಲ್ದಾಣದ ರಸ್ತೆಯನ್ನೇ ಅರಸಿ ಬಂದವು. ಲೀಲಾ ಪ್ಯಾಲೇಸ್ ಆ ರಸ್ತೆಯಲ್ಲಿ 2001ರಲ್ಲಿ ಬಾಗಿಲು ತೆರೆಯಿತು.

ಆದರೆ ನಗರ ಸುತ್ತುವರಿದಿದ್ದ ಎಚ್‌ಎಎಲ್‌ನಲ್ಲಿ ಬೆಳೆಯಲು ಜಾಗವಿರಲಿಲ್ಲ. ಒಂದೇ ಓಡುದಾರಿಯನ್ನು ಪ್ರಯಾಣಿಕರ ವಿಮಾನಗಳೂ ರಕ್ಷಣಾ ವಿಮಾನಗಳ ಪರೀಕ್ಷಾ ಹಾರಾಟಗಳೂ ಹಂಚಿಕೊಳ್ಳಬೇಕಿತ್ತು. ದೇವನಹಳ್ಳಿ ಬಳಿ ಸುಮಾರು 4,000 ಎಕರೆಯಲ್ಲಿ ಕಟ್ಟಿದ ಹೊಸ ನಿಲ್ದಾಣ 2008ರ ಮೇ 24ರಂದು ಆರಂಭವಾಯಿತು. ನಿಗದಿತ ಪ್ರಯಾಣಿಕ ವಿಮಾನಗಳ ಸಂಚಾರ ಎಚ್‌ಎಎಲ್‌ನಲ್ಲಿ ಅಂದೇ ನಿಂತಿತು. ಹೊಸ ನಿಲ್ದಾಣದ ಒಪ್ಪಂದದಲ್ಲಿ 150 ಕಿ.ಮೀ. ವ್ಯಾಪ್ತಿಯಲ್ಲಿ 25 ವರ್ಷ ಪೈಪೋಟಿಯ ನಿಲ್ದಾಣ ಬೇಡ ಎಂಬ ಷರತ್ತಿತ್ತು. ಹಳೆಯದನ್ನೂ ಉಳಿಸಿಕೊಳ್ಳಿ ಎಂಬ ಒತ್ತಾಯ ಜೋರಾಗಿ ಕೇಳಿಬಂದರೂ ಫಲಿಸಲಿಲ್ಲ.

ಹತ್ತು ಹನ್ನೆರಡು ಕಿಲೋಮೀಟರಿನ ಪ್ರಯಾಣ ಈಗ ಅದರ ಮೂರು ಪಟ್ಟಿಗೂ ಮೀರಿತು. ವೈಟ್‌ಫೀಲ್ಡ್ ತಲುಪಲು ಎರಡು ದಾರಿಗಳು ಬಳಕೆಗೆ ಬಂದವು. ಒಂದು ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳಕ್ಕೆ ಇಳಿದು, ಹೊರವರ್ತುಲ ರಸ್ತೆಯಲ್ಲಿ ಕೆ.ಆರ್. ಪುರದ ಕಡೆಗೆ ತಿರುಗುವುದು. ಇನ್ನೊಂದು ಬೂದಿಗೆರೆ ಮೂಲಕ ಪೂರ್ವದ ಹಳ್ಳಿಗಳ ನಡುವೆ ಹಾಯುವುದು. ಎರಡನೆಯದು ಹತ್ತಿರ, ಆದರೆ ಹಳ್ಳಿಗಾಡಿನ ರಸ್ತೆ. ಮೊದಲನೆಯದು ಅಗಲವಾದರೂ ಸುತ್ತು, ಜೊತೆಗೆ ಹೆಬ್ಬಾಳ ಮತ್ತು ಟಿನ್ ಫ್ಯಾಕ್ಟರಿ ಜಂಕ್ಷನ್‌ಗಳ ವಾಹನ ದಟ್ಟಣೆ. ನಗರ ಸಾರಿಗೆ ಸಂಸ್ಥೆ ಬಿಎಂಟಿಸಿ ಹೊಸ ನಿಲ್ದಾಣಕ್ಕೆಂದೇ ವಾಯು ವಜ್ರ ಹವಾನಿಯಂತ್ರಿತ ಬಸ್‌ಗಳನ್ನು ಬಿಟ್ಟಿತು. ಮೆಜೆಸ್ಟಿಕ್, ಬನಶಂಕರಿ, ಎಲೆಕ್ಟ್ರಾನಿಕ್ ಸಿಟಿಗಳಂತೆ ಕಾಡುಗೋಡಿಗೂ ಒಂದು ಮಾರ್ಗ ಸಿಕ್ಕಿತು. ಸಾಮಾನು ಇಡಲು ಜಾಗವಿದ್ದ, ಟ್ಯಾಕ್ಸಿಗಿಂತ ಬಹಳ ಅಗ್ಗವಾದ ಈ ಬಸ್‌ಗಳು ಬೇಗನೆ ಜನಪ್ರಿಯವಾದವು. ಊಬರ್ 2013ರಲ್ಲಿ ಭಾರತದಲ್ಲಿ ಮೊದಲು ಕಾಲಿಟ್ಟಿದ್ದು ಬೆಂಗಳೂರಿಗೇ. ಆಮೇಲೆ ಮೊಬೈಲಿನಲ್ಲಿ ಕಾರು ಕರೆಸುವುದು ಹೋಟೆಲ್ ಅತಿಥಿಗಳಿಗೆ ರೂಢಿಯಾಯಿತು.

ಹೆಬ್ಬಾಳದಿಂದ ವಿಮಾನ ನಿಲ್ದಾಣದ ಕಡೆಗೆ 2014ರಲ್ಲಿ ತೆರೆದ ಎತ್ತರಿಸಿದ ಹೆದ್ದಾರಿಯಿಂದ ನಗರಕೇಂದ್ರದ ಹೋಟೆಲ್‌ಗಳಿಗೆ ಹೆಚ್ಚು ಲಾಭವಾಯಿತು. ವೈಟ್‌ಫೀಲ್ಡ್‌ಗೆ ಹೋಗುವವರ ತೊಡಕು ಹೆಬ್ಬಾಳದ ನಂತರವೇ ಶುರುವಾಗುತ್ತಿತ್ತು. ಬೆಳಗಿನ ಜಾವದ ವಿಮಾನ ಹಿಡಿಯುವವರಿಗೆಂದು ನಿಲ್ದಾಣದ ಆವರಣದಲ್ಲೇ ತಾಜ್ ಹೋಟೆಲ್ ಎದ್ದಿತು.

ನಗರಕೇಂದ್ರದಿಂದ ಬರುವವರ ಪಾಡು ಸುಧಾರಿಸಿದ್ದು ಮೆಟ್ರೊದಿಂದ. ಕೆ.ಆರ್. ಪುರ–ವೈಟ್‌ಫೀಲ್ಡ್ ಭಾಗ 2023ರ ಮಾರ್ಚ್‌ನಲ್ಲಿ ತೆರೆಯಿತು. ಬೈಯಪ್ಪನಹಳ್ಳಿವರೆಗಿನ ಕೊರತೆ ಅದೇ ವರ್ಷದ ಅಕ್ಟೋಬರ್‌ನಲ್ಲಿ ತುಂಬಿ, ಮೆಜೆಸ್ಟಿಕ್ ಮತ್ತು ಎಂ.ಜಿ. ರಸ್ತೆಯಿಂದ ನೇರಳೆ ಮಾರ್ಗದ ರೈಲು ಬದಲಿಸದೆ ವೈಟ್‌ಫೀಲ್ಡ್ ತಲುಪುವಂತಾಯಿತು. ಕುಂದಲಹಳ್ಳಿ, ಪಟ್ಟಂದೂರು ಅಗ್ರಹಾರದ ನಿಲ್ದಾಣಗಳು ಅನೇಕ ಹೋಟೆಲ್‌ಗಳಿಗೆ ಹತ್ತಿರ. ಮಾರ್ಗದ ಕೊನೆಯ ನಿಲ್ದಾಣ ಹಳೆಯ ವೈಟ್‌ಫೀಲ್ಡ್ ರೈಲು ನಿಲ್ದಾಣದ ಪಕ್ಕದಲ್ಲೇ ಇದೆ.

ವಿಮಾನ ನಿಲ್ದಾಣದ ಕಡೆಯ ಹಳಿ ಇನ್ನೂ ಅಷ್ಟು ಅನುಕೂಲವಾಗಿಲ್ಲ. ದೇವನಹಳ್ಳಿ ರೈಲುಮಾರ್ಗದಲ್ಲಿ 2021ರ ಜನವರಿಯಲ್ಲಿ ವಿಮಾನ ನಿಲ್ದಾಣಕ್ಕೊಂದು ನಿಲುಗಡೆ ದೊರೆತರೂ ರೈಲುಗಳು ಕೆಲವೇ. ಕೇಂದ್ರ ಸರ್ಕಾರ 2021ರ ಏಪ್ರಿಲ್‌ನಲ್ಲಿ ಒಪ್ಪಿದ ಸುಮಾರು 58 ಕಿ.ಮೀ. ಉದ್ದದ ನೀಲಿ ಮೆಟ್ರೊ ಮಾರ್ಗ ಸಿಲ್ಕ್ ಬೋರ್ಡ್‌ನಿಂದ ವಿಮಾನ ನಿಲ್ದಾಣಕ್ಕೆ ಹೋಗುವ ದಾರಿಯಲ್ಲಿ ಕೆ.ಆರ್. ಪುರದಲ್ಲಿ ನೇರಳೆ ಮಾರ್ಗವನ್ನು ಸಂಧಿಸುತ್ತದೆ. ಅದು ಪೂರ್ತಿಯಾದರೆ ವಿಮಾನ ಇಳಿದವರು ಒಮ್ಮೆ ಮಾತ್ರ ರೈಲು ಬದಲಿಸಿ ವೈಟ್‌ಫೀಲ್ಡ್ ಸೇರಬಹುದು. ವಿಮಾನ ನಿಲ್ದಾಣದ ಸಾಮೀಪ್ಯ ಕೈತಪ್ಪಿದರೂ ಇಲ್ಲಿನ ಹೋಟೆಲ್‌ಗಳು ಹೆಚ್ಚುತ್ತಲೇ ಹೋಗಲು ಕಾರಣ ಒಂದೇ: ಅತಿಥಿಗಳನ್ನು ಕರೆತರುವ ಕಚೇರಿಗಳು ವೈಟ್‌ಫೀಲ್ಡ್ ಬಿಟ್ಟು ಕದಲಲಿಲ್ಲ.