ನೆರಿಗೆಯೊಳಗಿನ ದುಡಿಮೆ: ಇಂಗ್ಲೆಂಡಿನ ಸ್ಮಾಕ್ ಅಂಗಿಯ ಚರಿತ್ರೆ

ಬಟ್ಟೆಯನ್ನು ದಾರದಿಂದ ನೆರಿಗೆಗಟ್ಟಿ, ಆ ನೆರಿಗೆಗಳ ಮೇಲೆ ಕಸೂತಿ ಹಾಕಿ ಅದರ ಮೈಯನ್ನೇ ಬದಲಿಸುವ ಹೊಲಿಗೆಗೆ ‘ಸ್ಮಾಕಿಂಗ್’ ಎಂದು ಹೆಸರು. ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳಲ್ಲಿ ಇಂಗ್ಲೆಂಡ್ ಹಾಗೂ ವೇಲ್ಸ್‌ನ ಕೃಷಿಕಾರ್ಮಿಕರು ತೊಡುತ್ತಿದ್ದ ‘ಸ್ಮಾಕ್’ ಎಂಬ ಸಡಿಲ ನಿಲುವಂಗಿಯಲ್ಲಿ ಈ ಹೊಲಿಗೆ ಪ್ರೌಢಸ್ಥಿತಿಯನ್ನು ತಲುಪಿತು. ಇದನ್ನು ಅಲಂಕಾರವೆಂದಷ್ಟೇ ಪರಿಗಣಿಸುವ ರೂಢಿಯಿದೆ. ಅಂಗಿಯ ರಚನೆಯನ್ನು ಪರಿಶೀಲಿಸಿದರೆ, ದುಡಿಯುವ ದೇಹದ ಅಗತ್ಯವೇ ಈ ತಂತ್ರದ ಮೂಲವೆಂಬುದು ಸ್ಪಷ್ಟವಾಗುತ್ತದೆ.

ಸ್ಮಾಕ್ ಅಂಗಿಯ ಭಾಗಗಳು ಬಹುಮಟ್ಟಿಗೆ ಚೌಕ ಮತ್ತು ಆಯತಾಕಾರದ ತುಂಡುಗಳು. ಇವನ್ನು ಎದೆ, ಬೆನ್ನು, ತೋಳು, ಮಣಿಕಟ್ಟುಗಳಲ್ಲಿ ಮೈಗೆ ಹೊಂದಿಸುವ ಕೆಲಸ ನೆರಿಗೆಯದು. ಸಮಾನ ಅಂತರದ ಸಾಲುಗಳಲ್ಲಿ ದಾರ ಪೋಣಿಸಿ ಎಳೆದಾಗ, ಅಗಲವಾದ ಬಟ್ಟೆ ಕೊಳವೆಗಳಂತಹ ಕಿರುನೆರಿಗೆಗಳಾಗಿ ಸುಮಾರು ಮೂರನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ನೆರಿಗೆಗಳ ಏಣಿನ ಮೇಲೆ ಕಾಂಡ, ಗರಿ, ಜೇನುಗೂಡು ಮೊದಲಾದ ಹೊಲಿಗೆಗಳನ್ನು ಹಾಕಿ, ಬಳಿಕ ಮೊದಲ ದಾರವನ್ನು ತೆಗೆಯಲಾಗುತ್ತದೆ. ಅನಂತರ ನೆರಿಗೆಯನ್ನು ಹಿಡಿದಿಡುವುದು ಈ ಕಸೂತಿಯೇ. ಆದ್ದರಿಂದ ತೋಳು ಚಾಚಿದಾಗ ಬಟ್ಟೆ ಹಿಗ್ಗುತ್ತದೆ, ಮಡಚಿದಾಗ ಮತ್ತೆ ಕೂಡಿಕೊಳ್ಳುತ್ತದೆ.

ಗಾಲಿಯ ಆಕೃತಿ ಗಾಡಿಯವನನ್ನೂ, ಕೊಕ್ಕೆಗೋಲಿನ ಆಕೃತಿ ಕುರುಬನನ್ನೂ ಸೂಚಿಸುತ್ತಿತ್ತೆಂಬ ವಿವರಣೆ ಬಹುಕಾಲ ಪ್ರಚಾರದಲ್ಲಿದೆ. ಆದರೆ ಇದಕ್ಕೆ ಸಮಕಾಲೀನ ಆಧಾರಗಳು ದುರ್ಬಲ. ನಾಟಿಂಗ್‌ಹ್ಯಾಮ್‌ಷೈರಿನ ನ್ಯೂವಾರ್ಕ್, ಸಫೋಕಿನ ಹೇವರ್‌ಹಿಲ್ ಮೊದಲಾದ ಪಟ್ಟಣಗಳು ಸಿದ್ಧ ಸ್ಮಾಕ್‌ಗಳ ತಯಾರಿಕೆಗೆ ಹೆಸರಾಗಿದ್ದವು. ಹೇವರ್‌ಹಿಲ್‌ನಲ್ಲಿ 1784ರಲ್ಲಿ ಆರಂಭವಾದ ಗರ್ಟೀನ್ ಸಂಸ್ಥೆಯು ‘ಡ್ರ್ಯಾಬೆಟ್’ ಎಂಬ ಒರಟು ಬಟ್ಟೆಯ ಸ್ಮಾಕ್‌ಗಳನ್ನು ತಯಾರಿಸುತ್ತಿತ್ತು. ತೊಡುವವನಾರೆಂದು ತಿಳಿಯದೆ ಹೊಲಿದ ಅಂಗಿಯಲ್ಲಿ ಅವನ ವೃತ್ತಿಚಿಹ್ನೆಯನ್ನು ಹುಡುಕುವುದು ಕಷ್ಟ. ಈ ರಮ್ಯಕಲ್ಪನೆಯ ಮರೆಯಲ್ಲಿ, ಕೂಲಿಗಾಗಿ ಸೂಜಿ ಹಿಡಿದ ಮಹಿಳೆಯರ ಶ್ರಮ ಗಮನದಿಂದ ಜಾರಿತು.

ಥಾಮಸ್ ಹಾರ್ಡಿಯು 1883ರ ತನ್ನ ಪ್ರಬಂಧದಲ್ಲಿ, ಡಾರ್ಸೆಟ್ ಪ್ರಾಂತದ ಕೂಲಿಸಂತೆಗಳಲ್ಲಿ ಬಿಳಿಯ ಸ್ಮಾಕ್‌ಗಳ ಸ್ಥಾನವನ್ನು ಕಪ್ಪುಬಣ್ಣದ ಉಡುಪು ಆಕ್ರಮಿಸಿದುದನ್ನು ದಾಖಲಿಸಿದ್ದಾನೆ. ಒಕ್ಕಣೆಯಂತ್ರಗಳ ಸಮೀಪ ಸಡಿಲ ಉಡುಪು ಅಪಾಯಕಾರಿಯಾಯಿತು. ಅಗ್ಗದ ಸಿದ್ಧ ಉಡುಪುಗಳೂ ಮಾರುಕಟ್ಟೆಗೆ ಬಂದವು. ಅದೇ ದಶಕದಲ್ಲಿ ಲಂಡನ್ನಿನ ಲಿಬರ್ಟಿ ಮಳಿಗೆಯು ಸ್ಮಾಕಿಂಗ್ ಉಡುಪುಗಳನ್ನು ಸಿರಿವಂತ ಮಹಿಳೆಯರಿಗೂ ಮಕ್ಕಳಿಗೂ ಒದಗಿಸತೊಡಗಿತು. ಹೊಲ ತೊರೆದ ತಂತ್ರ ಹೀಗೆ ಸಿರಿವಂತರ ಮನೆ ಸೇರಿತು.

ರೆಡಿಂಗ್‌ನ ಇಂಗ್ಲಿಷ್ ಗ್ರಾಮೀಣ ಜೀವನ ವಸ್ತುಸಂಗ್ರಹಾಲಯದಲ್ಲಿ ಇಂತಹ ಸ್ಮಾಕ್‌ಗಳ ಸಂಗ್ರಹವಿದೆ. ಅವುಗಳ ಆಕೃತಿಗಳಿಗೆ ಅರ್ಥ ಹೇಳುವ ಮೊದಲು, ನೆರಿಗೆಯ ರಚನೆಯನ್ನೂ ಹೊಲಿದವರ ದುಡಿಮೆಯನ್ನೂ ಓದುವುದು ಸಂಶೋಧನೆಯ ಮೊದಲ ಹೊಣೆಯಾಗಿದೆ.